ಮಣ್ಣೇರಿಸುವುದು

ಶಾಂತಿಗ್ರಾಮದ ಟೋಲಿನಲ್ಲಿ ಐದನೇ ಗೂಡು ನನ್ನದು.
ರಾತ್ರಿ ಹತ್ತಕ್ಕೆ ಕೂತರೆ ಬೆಳಿಗ್ಗೆ ಆರು.
ನೆತ್ತಿಯ ಮೇಲೆ ಕಂಬದ ದೀಪ, ಎದುರಿಗೆ ಲಾರಿಯ ದೀಪ,
ಮೂಗಿನ ಕೆಳಗೆ ಕಂಪ್ಯೂಟರಿನ ನೀಲಿ.
ಆರು ವರ್ಷದಿಂದ ನನಗೆ ಅಮಾವಾಸ್ಯೆ ಆಗಿಲ್ಲ.

ಫಾಸ್ಟ್ಯಾಗ್ ಓದದ ಮೀನು ಲಾರಿಯವನಿಗೆ
ಚಿಲ್ಲರೆ ಎಣಿಸುವಾಗ
ಕೆಳದವಡೆಯ ಹಲ್ಲೊಂದು ಅಲ್ಲಾಡಿತು.
ಮೂವತ್ತೆಂಟಕ್ಕೆ!
ಅದೇ ವಾರ ಮಗಳು ಲಿಖಿತಾಳದೂ ಒಂದು.
ಅವಳು ತನ್ನದನ್ನು ಹೆಂಚಿನ ಮೇಲೆ ಎಸೆದು ಕುಣಿದಳು.
ನಾನು ಬಾಯಿ ಮುಚ್ಚಿಕೊಂಡೆ.

ದಂತವೈದ್ಯೆ ಮುಬೀನಾ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು.
ಬೇರಿನ ಸುತ್ತ ಮೂಳೆ
ಮಳೆ ಕೊಚ್ಚಿದ ಬದುವಿನ ಹಾಗೆ ಇಳಿದಿತ್ತು.
ಎಲೆಅಡಿಕೆ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ.
"ನಿದ್ದೆ?"
ಹಲ್ಲಿನ ಡಾಕ್ಟರು ಅದನ್ನೂ ಕೇಳುತ್ತಾರೆಂದು ಗೊತ್ತಿರಲಿಲ್ಲ.
ಹಗಲು ಮಲಗ್ತೀನಿ ಅಂದೆ, ಸಿಕ್ಕಿಬಿದ್ದವಳ ಹಾಗೆ.

ಮಿದುಳಿನ ನಡುವೆ ಅಕ್ಕಿಕಾಳಿನಷ್ಟು ಒಂದು ಗ್ರಂಥಿಯಂತೆ.
ಕತ್ತಲಾದ ಮೇಲೆಯೇ ಅದರ ಒಲೆ ಹೊತ್ತುವುದು.
ಅದು ಬಸಿಯುವ ರಸದ ಹೆಸರು ಮೆಲಟೋನಿನ್.
ನಿದ್ದೆ ಕರೆಯುವುದಷ್ಟೇ ಅಲ್ಲ.
ಮೂಳೆಯೊಳಗೆ ಸದಾ ಗಾರೆ ಕೆಲಸ ನಡೆದಿರುತ್ತದಂತೆ,
ಕಟ್ಟುವವರ ಬೆನ್ನು ತಟ್ಟಿ, ಕೆಡಹುವವರ ಕೈ ಹಿಡಿದು,
ಎಂಜಲಲ್ಲಿ ಬೆರೆತು ವಸಡಿನ ಉರಿ ತಣಿಸುತ್ತದಂತೆ.
"ಹಾಗೆ ಕಾಣುತ್ತೆ ಅಂತಾರೆ. ಇನ್ನೂ ಹುಡುಕ್ತಿದ್ದಾರೆ.
ನಿಮ್ಮ ಹಲ್ಲಿಗೆ ಇದೇ ಕಾರಣ ಅಂತ ಬರೆದುಕೊಡಲಾರೆ.
ಮೊದಲು ಗಾರೆ ತೆಗೀತೀನಿ," ಅಂದವರು ತಾವೇ ನಕ್ಕರು,
"ಇದು ಬೇರೆ ಗಾರೆ."

ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದರೆ
ಮುಖದ ಮೇಲೆ ಮತ್ತೊಂದು ದೀಪ.
ಆಗ ನೆನಪಾಯಿತು ಕಟ್ಟಾಯದ ಹೊಲ,
ಅಪ್ಪನ ಆಲೂಗೆಡ್ಡೆ ಸಾಲು.
ಗಿಡ ಗೇಣುದ್ದ ಬಂದಾಗ ಮಣ್ಣೇರಿಸುವುದು ಮಕ್ಕಳ ಕೆಲಸ.
"ಮುಚ್ಚು, ಇನ್ನೂ ಮುಚ್ಚು.
ಬೆಳಕು ಕಂಡ ಗೆಡ್ಡೆ ಹಸುರಾಗುತ್ತೆ, ಕಹಿ,
ದನಕ್ಕೂ ಹಾಕೋ ಹಾಗಿಲ್ಲ."
ಒಳಗೆ ಅದೇನು ಮಾಡುತ್ತೆ ಅಂತ ಕೇಳಿದ್ದೆ.
"ಅದರ ಕೆಲಸ ಅದು ಮಾಡುತ್ತೆ. ನೀನು ಇಣುಕಬೇಡ."

ಹಗಲು ಪಾಳಿ ಕೊಡಿ ಎಂದು
ಸೂಪರ್‌ವೈಸರ್ ತಿರುಮಲೇಗೌಡರಿಗೆ ಎಕ್ಸ್‌ರೇ ತೋರಿಸಿದೆ.
ತಲೆಕೆಳಗು ಹಿಡಿದು ನೋಡಿದರು.
"ಹಲ್ಲಿಗೂ ಪಾಳಿಗೂ ಏನಮ್ಮಾ ಸಂಬಂಧ?"
ಉತ್ತರ ಉದ್ದವಿತ್ತು.
ಲಾರಿ ಸಾಲು ಅದಕ್ಕಿಂತ ಉದ್ದವಿತ್ತು.

ಈಗ ಏಳಕ್ಕೆ ಮನೆ ಸೇರಿ
ಕಿಟಕಿಗೆ ಆಲೂಗೆಡ್ಡೆಯ ಗೋಣಿ ಕಟ್ಟುತ್ತೇನೆ, ಎರಡು ಪದರ.
ಹೊರಗೆ ಕುಕ್ಕರಿನ ಕೂಗು, ಸೊಪ್ಪಿನವನ ಮೈಕು,
ಸೆಣಬಿನ ಸಂದಿಯಲ್ಲಿ ಸಾಸಿವೆ ಸಾಸಿವೆಯಷ್ಟು ಬಿಸಿಲು.
ಕಳ್ಳ ಕತ್ತಲು.
ಅಕ್ಕಿಕಾಳು ಇದನ್ನು ನಂಬುತ್ತದೋ ಇಲ್ಲವೋ.
ಹಳೇ ಮಣ್ಣಿನ ವಾಸನೆಯನ್ನು ನಾನಂತೂ ನಂಬುತ್ತೇನೆ.

ಶಾಲೆಗೆ ಹೊರಟ ಲಿಖಿತಾ ಬಾಗಿಲು ಸರಿಸಿ ನಗುತ್ತಾಳೆ.
ಬಿದ್ದ ಹಲ್ಲಿನ ಜಾಗದಲ್ಲಿ ಆಗಲೇ
ಗರಗಸದಂಥ ಬಿಳಿ ಅಂಚು.
ರಾತ್ರಿಯೆಲ್ಲ ಕತ್ತಲಲ್ಲಿ ಮಲಗಿದ್ದವಳು.
"ಬಾಗಿಲು ಹಾಕು," ಅನ್ನುತ್ತೇನೆ, "ಇಣುಕಬೇಡ."

ನಾಲಿಗೆ ತಾನಾಗಿ ಹೋಗಿ
ಹಲ್ಲನ್ನು ಮುಟ್ಟಿ ಬರುತ್ತದೆ.
ಅಲ್ಲಾಡುತ್ತದೆ.
ಇದೆ.