ಹೋಲಿಸಿ ಬರೆಯಿರಿ: ಮೂವತ್ತು ಅಂಕ

ಗ್ರಿಮ್ಸ್‌ಬಿಯ ಸಂಜೆ ಕಾಲೇಜು, ಹದಿನಾಲ್ಕನೇ ಕೋಣೆ.
ಹೀಟರಿನ ಮೇಲೆ ಯಾರದೋ ಒದ್ದೆ ಕೈಗವಸು.
ಎಡಕ್ಕೆ ಮೀನು ಸೀಳುವ ವೀತಾಸ್,
ಬಲಕ್ಕೆ ಎರಡು ಸಲ ಫೇಲಾದ ಹತ್ತೊಂಬತ್ತರ ಕೆಲ್ಸಿ,
ನಡುವೆ ನಾನು, ನಲವತ್ತೇಳರ ನೀಲಗಂಗಾ.
ನರ್ಸಿಂಗ್ ಓದಬೇಕಾದರೆ ಇಂಗ್ಲಿಷು ಪಾಸಾಗಬೇಕು,
ಇಂಗ್ಲಿಷು ಪಾಸಾಗಬೇಕಾದರೆ ಪ್ರೇಮ ಗೊತ್ತಿರಬೇಕಂತೆ.

ಹಾಳೆಯ ಎಡಮಗ್ಗುಲಿಗೆ ಹಳೆಯ ಕವಿತೆ.
ಮುನ್ನೂರೈವತ್ತು ವರ್ಷದ್ದು. ಬರೆದವನ ಹೆಸರು ಉಳಿದಿಲ್ಲ.
ಅವಳು ದೀಪ ತಗ್ಗಿಸಿದರೆ ಹಡಗುಗಳು ದಾರಿ ತಪ್ಪುತ್ತವಂತೆ,
ನಿಟ್ಟುಸಿರಿಟ್ಟರೆ ಬಂದರಿನ ಹಾಯಿಗಳೆಲ್ಲ ಉಬ್ಬುತ್ತವಂತೆ,
ಒಮ್ಮೆ ತಿರುಗಿ ನೋಡದಿದ್ದರೆ
ಶುಕ್ರವಾರದೊಳಗೆ ಅವನು ಬೂದಿಯಂತೆ.
ಎಣಿಸಿದೆ: ಪ್ರೇಮ ಎಂಬ ಮಾತು ಒಂಬತ್ತು ಸಲ.
ಅವಳು ಬಾಯಿ ಬಿಟ್ಟದ್ದು ಒಂದು ಸಲವೂ ಇಲ್ಲ.
ಪಾಪ, ಅವಳಿಗೆ ನೆಗಡಿಯಾಗಿತ್ತೋ ಏನೋ.

ಬಲಮಗ್ಗುಲಿಗೆ ಹೊಸದು. ನನ್ನ ಮದುವೆಗಿಂತ ಚಿಕ್ಕದು.
ಒಬ್ಬ ಗಂಡಸು, ಒಬ್ಬ ಹೆಂಗಸು, ಕೆಟ್ಟುನಿಂತ ವಾಷಿಂಗ್ ಮಷೀನು.
ಅವನು ಟಾರ್ಚು ಹಿಡಿಯುತ್ತಾನೆ, ಅವಳು ಸ್ಕ್ರೂ ಬಿಚ್ಚುತ್ತಾಳೆ,
ನೀರು ಬಸಿದು ಇಬ್ಬರ ಕಾಲುಚೀಲವೂ ನೆನೆಯುತ್ತದೆ.
ಅಷ್ಟೇ. ಮುಗಿಯಿತು.
ಪ್ರೇಮ ಎಂಬ ಮಾತು, ಸೊನ್ನೆ.
'ಇಲ್ಲ ಅನ್ನೋದೂ ಒಂದು ಪಾಯಿಂಟು' ಎಂದರು ಮಿಸೆಸ್ ಬ್ಲಾಂಚರ್ಡ್,
'ಅದಕ್ಕೂ ಎರಡು ಅಂಕ.'

ಅದರದೊಂದು ವಾಕ್ಯ, ಇದರದೊಂದು ವಾಕ್ಯ,
ನಡುವೆ ತಪ್ಪದೆ ಒಂದು 'ಆದರೆ',
ತಕ್ಕಡಿಯ ಮುಳ್ಳಿನ ಹಾಗೆ.
ಆದರೆ ಇಲ್ಲದಿದ್ದರೆ ಅದು ಹೋಲಿಕೆಯೇ ಅಲ್ಲ.
ಕೆಲ್ಸಿ ಥಟ್ಟನೆ ಬರೆದಳು: ಹಳೆಯದು ಸುಳ್ಳು, ಆದರೆ ಹೊಸದು ಬೋರು.
ವೀತಾಸ್ ಬಹಳ ಹೊತ್ತು ಪೆನ್ನು ಕಚ್ಚಿ ಕೊನೆಗೆ ಕೇಳಿದ:
ಮಷೀನು ರಿಪೇರಿಯಾಯಿತೋ ಇಲ್ಲವೋ?

ನನಗೆ ಆದರೆ ಸಿಗಲಿಲ್ಲ.
ನೆನಪಾದದ್ದು ನಮ್ಮ ಬಾಡಿಗೆ ಕೋಣೆ.
ಅವನಿಗೆ ಕೋಲ್ಡ್ ಸ್ಟೋರಿನಲ್ಲಿ ಹಗಲು ಪಾಳಿ,
ನನಗೆ ಮುದುಕರ ಮನೆಯಲ್ಲಿ ರಾತ್ರಿ ಪಾಳಿ,
ಇಬ್ಬರಿಗೂ ಒಂದೇ ಮಂಚ, ಒಂದೇ ಬೀಗದ ಕೈ.
ದಿನಾ ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ನಾಲ್ಕು ನಿಮಿಷ ಸಿಗುತ್ತೇವೆ,
ಮೂರು ನಿಮಿಷ ಗ್ಯಾಸ್ ಮೀಟರಿನ ಮಾತು.

ಎದ್ದವನು ರಗ್ಗು ಕೊಡವುವುದಿಲ್ಲ, ಮಡಿಸುವುದಿಲ್ಲ.
ಹದಿನೆಂಟು ತಿಂಗಳು ಸೋಮಾರಿ ಎಂದು ಬೈದೆ.
ಒಂದು ಭಾನುವಾರ, ಗೋಡೆಯ ಕಡೆ ನಿದ್ದೆಯ ನಟನೆಯಲ್ಲಿದ್ದಾಗ
ಅರೆಗಣ್ಣಲ್ಲಿ ಕಂಡೆ:
ಹೊದಿಕೆಯನ್ನು ಒಂದು ಗೇಣಷ್ಟೇ ಎತ್ತಿ
ಅಡಿಯಿಂದ ಕಳ್ಳನ ಹಾಗೆ ಜಾರಿ ಇಳಿದು
ಅಂಚನ್ನು ಮತ್ತೆ ಒತ್ತಿಟ್ಟ. ಕಾವು ಹೋಗಬಾರದು.
ಇಷ್ಟು ದಿನ ನಾನು ಮಲಗಿದ್ದು ಅದರೊಳಗೆ.
ಅಳತೆ ನನ್ನದಲ್ಲ, ಅವನು ನನಗಿಂತ ಉದ್ದ;
ನನ್ನ ಮೊಣಕಾಲು ಅವನ ಮೊಣಕಾಲ ತಗ್ಗಿಗೆ ನಿಲುಕುವುದಿಲ್ಲ.

ಹಾಗಾಗಿ ನನ್ನ ಹರಕು ಇಂಗ್ಲಿಷಿನಲ್ಲಿ ಬರೆದೆ:
ಹಳೆಯ ಕವಿತೆ ಎದ್ದುಹೋದ ಹಾಸಿಗೆಯಲ್ಲಿ
ಹೊಸ ಕವಿತೆ ಬಂದು ಮಲಗಿದೆ.
ಒಂದರ ಮುಖ ಇನ್ನೊಂದು ಕಂಡಿಲ್ಲ.
ಹಳಬ ಬಡಾಯಿಕೋರ, ಒಪ್ಪಿದೆ.
ಅವನು ಅಷ್ಟೊಂದು ಉರಿಯದೆ ಹೋಗಿದ್ದರೆ
ಮುನ್ನೂರೈವತ್ತು ಚಳಿಗಾಲ ಆ ತಗ್ಗು ಬೆಚ್ಚಗಿರುತ್ತಿತ್ತೇ?
ತಣ್ಣೀರಲ್ಲಿ ನಿಂತೂ ಟಾರ್ಚು ಹಿಡಿದವನ ಕೈ
ಯಾಕೆ ನಡುಗಲಿಲ್ಲ, ಯೋಚಿಸಿ.

ಹಸಿರು ಇಂಕಿನಲ್ಲಿ ಬಂತು:
ಚೆನ್ನಾಗಿದೆ. ಆದರೆ ಪಠ್ಯದಲ್ಲಿ ಇದು ಎಲ್ಲಿದೆ?
ಸಾಲು ಉದಾಹರಿಸಿ. ಮೂವತ್ತಕ್ಕೆ ಹನ್ನೊಂದು.

ನಾನು ಬಿಟ್ಟ ಆದರೆ ಅವರಿಗೆ ಸಿಕ್ಕಿತ್ತು.

ಬಸ್‌ಸ್ಟಾಪಿನಲ್ಲಿ ಹಾಳೆ ಅವನ ಕೈಗಿಟ್ಟೆ.
ಓದಲು ಪುರಸೊತ್ತೆಲ್ಲಿ, ಬಸ್ಸು ಆಗಲೇ ತಿರುವಿನಲ್ಲಿ.
ಹಸಿರು ಅಂಕೆಯನ್ನಷ್ಟೇ ನೋಡಿ
'ಹೋದ ಸಲಕಿಂತ ಎರಡ ಜಾಸ್ತಿ ಬಂದಾವಲ್ಲ' ಅಂದ,
ಬೀಗದ ಕೈ ಕೊಟ್ಟು ಹತ್ತಿದ.

ನಿಲ್ಲಲಿಲ್ಲ ನಾನು. ಸರಸರ ನಡೆದೆ.
ಮನೆಗೆ ಆರು ನಿಮಿಷ;
ತಡವಾದರೆ ಆರುತ್ತದೆ.