ಉದ್ರಿ ಪುಸ್ತಕದ ಹಿಂದಿನ ಪುಟ

ಮುಂದಿನಿಂದ ತೆರೆದರೆ ಬೆಲ್ಲ, ಬೀಡಿ, ಸೀಮೆಎಣ್ಣೆ,
ಯಾರ್ಯಾರು ಎಷ್ಟೆಷ್ಟು ಕೊಡಬೇಕೆಂಬುದು.
ಹಿಂದಿನಿಂದ ತೆರೆದರೆ
ಸಿಂಗಳೀಕ.

ಕಾರ್ಗಲ್ಲಿನ ರಸ್ತೆ ಅಗಲವಾದ ವರ್ಷ
ಆಚೆ ಧೂಪದ ಮರ, ಈಚೆ ಹಲಸು,
ನಡುವೆ ಕೈ ಹಿಡಿದಿದ್ದ ಕೊಂಬೆ ಬಿಟ್ಟುಹೋಯಿತು.
ನೆಲ ಮುಟ್ಟಿ ಗೊತ್ತಿಲ್ಲದ ಜೀವ,
ಇಳಿಯಿತು. ಎರಡು ಹೆಜ್ಜೆ.
ಜಲ್ಲಿ ಲಾರಿಯ ಮೊಹಿದ್ದೀನ ಗಾಡಿ ನಿಲ್ಲಿಸಿ
ನನ್ನ ಅಂಗಡಿ ಮುಂದೆ ಕೂತು
ಚಹಾ ಆರಿದ ಮೇಲೂ ಲೋಟ ಹಿಡಿದೇ ಇದ್ದ.
ಅದು ಮೊದಲ ಸಾಲು: ಸೋಮವಾರ, ಒಂದು, ಗಂಡು.
ಮಳೆಗಾಲದೊಳಗೆ ಸಾಲು ಆರಾಯಿತು.

ಅರ್ಜಿ ಬರೆದೆವು. ಅರ್ಜಿಗೆ ನಂಬರು ಬಂತು,
ನಂಬರಿಗೆ ಇನ್ನೊಂದು ನಂಬರು.
ಕಡೆಗೆ ಗಾಮಜ್ಜಿ ಬಾವಿಹಗ್ಗ ತಂದು ಜಗಲಿಗೆ ಒಗೆದಳು:
"ನಂಗೆ ಹ್ಯಾಗೂ ನಲ್ಲಿ ಬಂತಲಾ."
ಅದರ ಹಿಂದೆಯೇ ಲಾಂಚಿನ ಹಳೇ ಹಗ್ಗ,
ಸತ್ತ ಎಮ್ಮೆಯ ಕಣ್ಣಿ,
ಸಾಗರದ ಫೈರಿನವರು ಬಿಸಾಡಿದ ತೂತು ಪೈಪು.
ಲೈನ್‌ಮನ್ ಸಂತಾನ್, ಭಾನುವಾರದ ಪೂಜೆ ತಪ್ಪಿಸಿ,
ಕಂಬ ಹತ್ತುವ ಬೆಲ್ಟು ಬಿಗಿದು ಮರ ಹತ್ತಿದ.
ಕೆಳಗಿನಿಂದ ಇಡೀ ಊರು ಬುದ್ಧಿ ಹೇಳಿತು.

ಆಮೇಲೆ ನಲವತ್ತು ದಿನ ಹೀಗೆ:
ಇಲ್ಲ. ಇಲ್ಲ. ಕೆಂದಳಿಲು. ಇಲ್ಲ.
ಮಂಜು, ಕಾಣಲಿಲ್ಲ.
ಹಾವು ಒಂದು (ಸುಳ್ಳು, ಪೈಪಿನ ನೆರಳು).
"ಮಂಗನಿಗೂ ಉದ್ರಿ ಕೊಟ್ಟಿರಾ?"
ಬಸ್ಸಿನ ಕಂಡಕ್ಟರು ನಕ್ಕರು.
ಅವರ ಲೆಕ್ಕ ಮುಂದಿನ ಪುಟಗಳಲ್ಲಿದೆ.

ನಲವತ್ತೊಂದರ ಬೆಳಗ್ಗೆ ಹಾಲಿನ ಕ್ಯಾನು ಇಳಿಸುವ ಹೊತ್ತಿಗೆ
ಅವಳು ಬಂದಳು.
ಕರಿ ಮುಖ, ಸುತ್ತ ಬೂದಿಗೂದಲು.
ಮೊದಲು ಹಗ್ಗವನ್ನು ಎಳೆದು ನೋಡಿದಳು,
ಸಂತೆಯಲ್ಲಿ ಗಾಮಜ್ಜಿ ಸೀರೆಯ ಅಂಚು ಎಳೆದು ನೋಡುವ ಹಾಗೆ.
ಬಿಟ್ಟಳು. ಮತ್ತೆ ಹಿಡಿದಳು.
ಕೆಳಗೆ ಮೊಹಿದ್ದೀನ ಎಂಜಿನ್ನು ಬಂದ್ ಮಾಡಿ
ಹಾರ್ನಿನಿಂದ ಕೈ ದೂರ ಇಟ್ಟು ಕೂತಿದ್ದ.
ದಾಟುವಾಗ ಕಂಡಿತು,
ಹೊಟ್ಟೆಗೆ ಕಚ್ಚಿಕೊಂಡ ಮರಿ.

ಒಂದೋ ಎರಡೋ ಎಂದು ಸಂಜೆವರೆಗೂ ಜಗಳ.
ಕಂಕುಳ ಮಗುವಿಗೆ ಟಿಕೇಟಿಲ್ಲ, ಒಂದೇ, ಎಂದರು ಕಂಡಕ್ಟರು.
ಗಾಮಜ್ಜಿ ಪೆನ್ನು ಕಸಿದುಕೊಂಡಳು, ಅಕ್ಷರ ಬಾರದವಳು.
ಒಂದು ಗೀಟು ಎಳೆದು
ಅದರ ಹೊಟ್ಟೆಗೆ ಸಣ್ಣದೊಂದು ಅಂಟಿಸಿದಳು.

ಅದರ ಕೆಳಗಿನದು ನನ್ನ ಬರಹ:
ಹಲಸಿನ ಕಡೆ ಗಂಟು ಸಡಿಲ.
ಮಳೆಗೆ ಮುಂಚೆ ಬಿಗಿಯಬೇಕು.
ಹಗ್ಗ ಇನ್ನೂ ಎರಡು ಮಾರು ಬೇಕು, ಯಾರ ಮನೆಯಲ್ಲಿದೆ ಕೇಳುವುದು.