ನಾಲ್ಕನೇ ಗೋದಾಮಿನ ತಕ್ಕಡಿ

ತೇಮಾ ಬಂದರಿನ ನಾಲ್ಕನೇ ಗೋದಾಮಿನಲ್ಲಿ
ಆಳೆತ್ತರದ ತಕ್ಕಡಿಯೊಂದಿದೆ.
ಮುಳ್ಳು ಸೊನ್ನೆಯ ಮೇಲೆ ನಿಂತು
ಹನ್ನೊಂದು ವರ್ಷವಾಯಿತು ಅಂತಾಳೆ ಅಕ್ವೆಲೆ.
ಸುಂಕದ ಮನೆಯವಳು. ಲೆಕ್ಕ ತಪ್ಪುವವಳಲ್ಲ.

ಆಗೆಲ್ಲ ಸಿನಿಮಾ ಬರುತ್ತಿದ್ದದ್ದು ತಗಡಿನ ಡಬ್ಬಿಯಲ್ಲಿ,
ಹಾಡು ಬರುತ್ತಿದ್ದದ್ದು ಕ್ಯಾಸೆಟ್ಟಿನ ರಟ್ಟಿನ ಪೆಟ್ಟಿಗೆಯಲ್ಲಿ.
ನಿಘಂಟು, ಹೊಲಿಗೆಯ ಮಾದರಿ ಪುಸ್ತಕ,
ಎಲ್ಲಕ್ಕೂ ತೂಕವಿತ್ತು, ಕೆಲವಕ್ಕೆ ಗೆದ್ದಲೂ.
ಅವಳು ತೂಗಿ, ಬರೆದು, ಠಸ್ಸೆ ಒತ್ತಿದರೆ
ಅದರದೊಂದು ಪಾಲು ಎಲ್ಲೋ ಹೋಗಿ
ಯಾವುದೋ ಶಾಲೆಯ ಮಾಡಾಗುತ್ತಿತ್ತು.
ಇನ್ನೊಂದು ಪಾಲು ಯಾರ ಜೇಬಾಯಿತೋ,
ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಈಗ ಅದೇ ಸಿನಿಮಾ, ಅದೇ ಹಾಡು
ಕಡಲ ತಳದ ತಂತಿಯಲ್ಲಿ ಬಂದು
ಅವಳ ಕಾಲಡಿಯಲ್ಲೇ ನೆಲ ಹತ್ತುತ್ತವೆ.
ನಿಲ್ಲು ಅನ್ನೋಣವೆಂದರೆ ಯಾರಿಗೆ?
ದೂರದೂರಿನಲ್ಲಿ ದೊಡ್ಡವರು ಕೂತು ಒಪ್ಪಿದ್ದಾರಂತೆ:
ಕೈಗೆ ಸಿಗದ್ದಕ್ಕೆ ಸುಂಕವಿಲ್ಲ, ಇನ್ನೆರಡು ವರ್ಷ.
ಅದು ಮುಗಿದ ಮೇಲೆ
ಇನ್ನೆರಡು ವರ್ಷ.

ತಂಗಿಯ ಮಗಳು ಕೊರ್ಕೊ ಬಟ್ಟೆಗೆ ಮೇಣ ಹಚ್ಚುತ್ತಾಳೆ,
ಸ್ಪಂಜಿನಲ್ಲಿ ಕೊರೆದ ಬಸವನಹುಳು, ನೀಲಿಯ ಮೇಲೆ ಬಿಳಿ.
ಫೋನಿನಲ್ಲೇ ಅಂಗಡಿ. ನೂರಕ್ಕೆ ಇಪ್ಪತ್ಮೂರು
ಅಂಗಡಿಯ ಬಾಗಿಲಿನ ಪಾಲು.
ಮೊನ್ನೆ ಮಂಗಳವಾರ ಬಾಗಿಲೇ ಮುಚ್ಚಿತು.
ನೀವು ನಿಯಮ ಮೀರಿದ್ದೀರಿ, ಎಂದಿತು ಪರದೆ.
ಯಾವ ನಿಯಮ?
ನಿಮ್ಮ ತಾಳ್ಮೆಗೆ ಧನ್ಯವಾದ.
ಯಾವ ನಿಯಮ ಅಂದೆ.
ನಿಮ್ಮ ತಾಳ್ಮೆಗೆ ಧನ್ಯವಾದ.

ಸುಂಕದವರ ಮುಂದೆ ಸುಖದುಃಖ ತೋಡಿಕೊಂಡರೇನು ಬಂತು
ಅಂತ ನಮ್ಮಲ್ಲೊಂದು ಮಾತಿದೆ ಎಂದೆ ಅಕ್ವೆಲೆಗೆ.
ಅವಳು ಕರಿದ ಮೀನಿನ ಮುಳ್ಳು ಬಿಡಿಸುತ್ತ ನಕ್ಕಳು.
ನನ್ನ ಮುಂದೆ ತೋಡಿಕೊಂಡಿದ್ದಾರೆ ಕಣಯ್ಯ,
ಲೋಮೆಯಿಂದ ಬರುತ್ತಿದ್ದವಳು, ಗಂಡನನ್ನು ಮಣ್ಣು ಮಾಡಿದ
ಎಂಟನೇ ದಿನಕ್ಕೇ ಮೂರು ಮೂಟೆ ಹೊತ್ತು.
ಬೈದಿದ್ದೇನೆ, ಕಾಯಿಸಿದ್ದೇನೆ,
ಒಮ್ಮೊಮ್ಮೆ ಮುಳ್ಳು ನನ್ನ ಕಣ್ಣಿಗೆ
ಕೊಂಚ ಎಡಕ್ಕೆ ಕಂಡದ್ದೂ ಉಂಟು.
ಈಗಲೂ ಸುಂಕವೇನೋ ಇದೆ, ನೂರಕ್ಕೆ ಇಪ್ಪತ್ಮೂರು.
ಸುಂಕದವನಿಲ್ಲ, ಅಷ್ಟೆ.

ಆಕ್ರಾದಿಂದ ಕರಡು ಮಸೂದೆ ಬಂದಿದೆ,
ನೂರ ನಲವತ್ತು ಪುಟ. ಶುಕ್ರವಾರದೊಳಗೆ
ಬಂದರಿನವರ ಅಭಿಪ್ರಾಯ ಬೇಕಂತೆ.
ಅವಳು ಎಣ್ಣೆಯ ಬೆರಳು ಒರೆಸಿಕೊಂಡು
ಅರವತ್ತೊಂದನೇ ಪುಟದ ಅಂಚಿನಲ್ಲಿ
ಪೆನ್ಸಿಲ್ಲಿನಲ್ಲಿ ಬರೆದಳು:

ಇಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿ.
ಬೈದರೆ ಮುಖ ಕೆಂಪಾಗುವಂಥವನನ್ನು.
ಕುರ್ಚಿ ನಮ್ಮ ಗೋದಾಮಿನಲ್ಲಿದೆ.
ಒಂದು ಕಾಲು ಗಿಡ್ಡ,
ಅಡಿಗೆ ರಟ್ಟು ಕೊಡಬೇಕು.